ವಂಶವೃಕ್ಷದಲ್ಲಿ ಕಾಣದ ತಾಯಂದಿರು

ಬೆಂಗಳೂರಿನ ಜಯನಗರಕ್ಕೆ 1948ರಲ್ಲಿ ಅಸ್ತಿಭಾರ ಬಿದ್ದಿತು. ಅಶೋಕ ಸ್ತಂಭದಿಂದ ನಾಲ್ಕನೆಯ ಬ್ಲಾಕಿನ ಕಡೆಗೆ ಮರಗಳ ನೆರಳಿನಲ್ಲಿ ನಡೆಯುವಾಗ ಹಳೆಯ ಮನೆಗಳ ಹೆಸರುಗಳನ್ನು ಓದುವುದು ನನಗೆ ಬಹುಕಾಲದ ಅಭ್ಯಾಸ. 'ಮಾತೃಶ್ರೀ', 'ಮಾತೃಕೃಪಾ' ಎಂಬ ಫಲಕಗಳು ಅಲ್ಲಲ್ಲಿ ಕಾಣುತ್ತವೆ. ಮಾತೆಯುಂಟು, ಆಕೆಯ ಹೆಸರಿಲ್ಲ. ಬಡಾವಣೆಗಳ ಸಂಗತಿಯೂ ಹೀಗೆಯೇ. ಜಯನಗರವು ಜಯಚಾಮರಾಜೇಂದ್ರ ಒಡೆಯರನ್ನೂ ಜೆ.ಪಿ. ನಗರವು ಜಯಪ್ರಕಾಶ ನಾರಾಯಣರನ್ನೂ ನೆನೆಯುತ್ತವೆ, ಬಿ.ಟಿ.ಎಂ. ಬಡಾವಣೆಯು ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರಗಳನ್ನು ಹೊತ್ತಿದೆ. ಇವುಗಳ ನಡುವೆ ಬನಶಂಕರಿಯೊಂದೇ ಹೆಣ್ಣು ಹೆಸರು. ಅದಕ್ಕೂ ದೇವಿಯೇ ಆಗಬೇಕಾಯಿತು!

ಈ ವಿಚಾರ ಮನಸ್ಸನ್ನು ಹೊಕ್ಕಿದ್ದು ಬನಶಂಕರಿ ಎರಡನೆಯ ಹಂತದಲ್ಲಿರುವ ಬಂಧುಗಳ ಮನೆಯಲ್ಲಿ. ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ವಂಶವೃಕ್ಷವಿತ್ತು. ಏಳು ತಲೆಮಾರು, ಎಲ್ಲವೂ ಗಂಡು ಹೆಸರುಗಳೇ. ಹೆಣ್ಣುಮಕ್ಕಳು ಕೊಟ್ಟ ಮನೆಗೆ ಸೇರಿದವರು, ಸೊಸೆಯರು ಹೊರಗಿನಿಂದ ಬಂದವರು. ಹೀಗಾಗಿ ಆ ಮರದಲ್ಲಿ ಇಬ್ಬರಿಗೂ ಕೊಂಬೆಯಿಲ್ಲ. ತೊಂಬತ್ತು ಸಮೀಪಿಸಿದ ಅಜ್ಜಿಯವರನ್ನು, "ನಿಮ್ಮ ಅತ್ತೆಯವರ ಹೆಸರೇನಜ್ಜಿ?" ಎಂದು ಕೇಳಿದೆ.

"ನಾವು ಅತ್ತೆಮ್ಮ ಅಂತಿದ್ವಿ. ಹೆಸರು ಹಿಡಿದು ಯಾರು ಕರೀತಿದ್ರಪ್ಪಾ?" ಎಂದರು.

ಹೆಸರು ನೆನಪಾಗಲಿಲ್ಲ, ಬಾಳು ನೆನಪಿತ್ತು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಆ ತಾಯಿ, ದಾಯಾದಿಗಳು ಎಷ್ಟು ಒತ್ತಾಯಿಸಿದರೂ ಹೊಲ ಮಾರಲಿಲ್ಲ. ರಾತ್ರಿ ರಾಗಿ ಬೀಸಿ, ಹಗಲು ಹೊಲದಲ್ಲಿ ದುಡಿದು, ಇಬ್ಬರು ಗಂಡುಮಕ್ಕಳನ್ನು ಓದಲು ಸಿದ್ಧಗಂಗೆಗೆ ಕಳುಹಿಸಿದರು. ಮುಂದೆ ಬೆಂಗಳೂರಿನಲ್ಲಿ ನಿವೇಶನ ಕೊಂಡದ್ದು ಆ ಹೊಲದ ಹಣದಿಂದಲೇ. ವಂಶವೃಕ್ಷ ತೂಗುಹಾಕಿದ ಗೋಡೆ ಎದ್ದುದೂ ಅದರಿಂದಲೇ!

ಶರಣರ ಪರಂಪರೆಯಲ್ಲಿ ಬಂದ ನಾವು ಇಷ್ಟು ಮರೆಯಬಾರದಿತ್ತು. ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಗಳನ್ನು ರಚಿಸಿದ್ದಾರೆ. 1993ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದು ಅವರಿಗೇ ಮೀಸಲು. ಅಲ್ಲಿಯೂ ಹಲವರು 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ' ಎಂಬಂತೆ ಗಂಡನ ಹೆಸರಿನ ಹಿಂದೆ ನಿಂತಿದ್ದಾರೆ. ಆದರೆ ಹೆಸರು ಅಳಿಯಲಿಲ್ಲ, ವಚನ ಕಾಪಾಡಿತು. ನಮ್ಮ ಅಜ್ಜಿಯರು ಏನನ್ನೂ ಬರೆದಿಡಲಿಲ್ಲ. ಅವರನ್ನು ಹುಡುಕಬೇಕಾದರೆ ಹೊಲದ ಹಳೆಯ ಪತ್ರ, ತವರಿನವರ ನೆನಪು, ಅಟ್ಟದ ಪಾತ್ರೆಗಳೇ ಗತಿ.

ಪಾತ್ರೆ ಎಂದೊಡನೆ ಅಜ್ಜಿಯವರಿಗೆ ಏನೋ ಹೊಳೆಯಿತು. ಮೊಮ್ಮಗನನ್ನು ಅಟ್ಟಕ್ಕೆ ಹತ್ತಿಸಿ, ಅತ್ತೆಯ ತವರಿನಿಂದ ಬಂದಿದ್ದ ಹಿತ್ತಾಳೆಯ ಕೊಳದಪ್ಪಲೆಯನ್ನು ಇಳಿಸಿದರು. ಹುಣಿಸೆಹಣ್ಣಿನಿಂದ ತಿಕ್ಕಿ ತಿಕ್ಕಿ ಸವೆದ ಕಂಠದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳಿದ್ದವು. ಹುಡುಗ ಅವುಗಳನ್ನು ಒಂದೊಂದಾಗಿ ಕೂಡಿಸಿ ಓದಿದನು. ಅಜ್ಜಿಯವರು ಸೆರಗು ಸರಿಪಡಿಸಿಕೊಂಡು, ತಮ್ಮ ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಿದರು.