ಬೇಟೆಯ ಚೀಲ, ಹೊರುವ ಬೆನ್ನು

ಬೇಟೆಯ ಚೀಲವನ್ನು ಅಂಗಡಿಯಲ್ಲಿ ಖಾಲಿಯಾಗಿಯೇ ತೂಗುಹಾಕಿರುತ್ತಾರೆ. ಕೊಳ್ಳುವವನೂ ಖಾಲಿ ಚೀಲವನ್ನೇ ಬೆನ್ನಿಗೇರಿಸಿ, ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ, ಹಗುರಾಗಿದೆ ಎಂದು ಮೆಚ್ಚಿ ದುಡ್ಡು ಕೊಟ್ಟು ಹೋಗುತ್ತಾನೆ. ಆದರೆ ಇಲ್ಲಿ ಕೊಲೊರಾಡೊದ ಬೆಟ್ಟಗಳಲ್ಲಿ ಎಲ್ಕ್ ಬೇಟೆಗೆ ಹೋಗುವವನ ಚೀಲಕ್ಕೆ ನಿಜವಾದ ಕೆಲಸ ಶುರುವಾಗುವುದು ಗುಂಡು ಹಾರಿದ ಮೇಲೆ. ಅಲ್ಲಿಯವರೆಗೆ ಅದು ನೀರು, ಚಪಾತಿ, ಸ್ವೆಟರ್ ತುಂಬಿದ ಶಾಲೆಯ ಚೀಲವಿದ್ದಂತೆ, ಅಷ್ಟೆ.

ಎಲ್ಕ್ ಎಂದರೆ ನಮ್ಮ ಕಡವೆಯ ದಾಯಾದಿ. ಬಲಿತ ಗಂಡು 300 ಕಿಲೋ ದಾಟುತ್ತದೆ, ಹೆಣ್ಣು ಸುಮಾರು 220 ಕಿಲೋ ತೂಗುತ್ತದೆ. ಹೆಣ್ಣನ್ನೇ ಹೊಡೆದರೂ ಮೂಳೆ ಬಿಡಿಸಿದ ಮೇಲೆ 70 ಕಿಲೋದಷ್ಟು ಮಾಂಸ ಉಳಿಯುತ್ತದೆ. ಮೂಳೆ ಬಿಡಿಸದಿದ್ದರೆ ಹಿಂದಿನ ಒಂದು ತೊಡೆಯೇ 25 ಕಿಲೋದ ಹತ್ತಿರ ಬರುತ್ತದೆ. ಅದು ಬಿದ್ದಿರುವುದು ಸಮುದ್ರಮಟ್ಟದಿಂದ ಮೂರು ಸಾವಿರ ಮೀಟರ್ ಎತ್ತರದ ಇಳಿಜಾರಿನಲ್ಲಿ, ಸುಟ್ಟು ಬಿದ್ದ ಪೈನ್ ದಿಮ್ಮಿಗಳ ನಡುವೆ. ಕಾರು ನಿಂತಿರುವುದು ಎರಡು ಮೂರು ಕಿಲೋಮೀಟರ್ ಆಚೆ.

ಬಿಟ್ಟು ಬರುವ ಹಾಗಿಲ್ಲ. ನಾಲ್ಕು ಕಾಲುಗಳ ಮಾಂಸ, ಬೆನ್ನಿನ ಉದ್ದಕ್ಕೂ ಇರುವ ಪಟ್ಟಿ, ಹೊಟ್ಟೆಯೊಳಗಿನ ಮೆತ್ತನೆಯ ತುಂಡುಗಳು, ಇಷ್ಟನ್ನಾದರೂ ಕೆಡದ ಹಾಗೆ ಹೊರತರಬೇಕು ಎನ್ನುತ್ತದೆ ಇಲ್ಲಿನ ಕಾನೂನು. ಕೊಂಬು ಕಿತ್ತುಕೊಂಡು ಮಾಂಸ ಬಿಟ್ಟುಬಂದವನದು ಗಂಭೀರ ಅಪರಾಧ. ತಂದ ಮಾಂಸವನ್ನು ಮಾರುವಂತೆಯೂ ಇಲ್ಲ. ಇನ್ನು ಮಾಂಸ ತರಲು ಗಾಡಿಯಾದರೂ ಇರಬಾರದೇ ಎಂದರೆ, 1964ರ ಕಾಯ್ದೆಯಡಿ ವಿಲ್ಡರ್ನೆಸ್ ಎಂದು ಘೋಷಿಸಿದ ಕಾಡುಗಳಲ್ಲಿ ಚಕ್ರವಿರುವ ಯಾವುದೂ ಓಡಾಡುವಂತಿಲ್ಲ, ಕೈಗಾಡಿ ಕೂಡ. ಉಳಿದದ್ದು ಎರಡೇ ದಾರಿ: ಕುದುರೆ, ಇಲ್ಲವೇ ಬೆನ್ನು. ನನ್ನ ಬಳಿ ಕುದುರೆ ಇಲ್ಲ.

ಬೇಟೆ ಸರಿಯೋ ತಪ್ಪೋ ಎಂಬ ವಾದವನ್ನು ನಾನಿಲ್ಲಿ ಎತ್ತಿಕೊಳ್ಳುವುದಿಲ್ಲ. ಮನೆಯಲ್ಲಿ ಹೆಂಡತಿಯ ಜೊತೆಗಿನ ವಾದವೇ ಇನ್ನೂ ಮುಗಿದಿಲ್ಲ. ಅವಳು ಅಡುಗೆಯನ್ನು ಮಾತ್ರ ಮೆಣಸು ಹಾಕಿ ಚೆನ್ನಾಗಿಯೇ ಮಾಡುತ್ತಾಳೆ ಎಂಬುದನ್ನು ಹೇಳಿ ಮುಂದೆ ಹೋಗುತ್ತೇನೆ.

ನನ್ನನ್ನು ಈ ಕಾಡಿಗೆ ಮೊದಲು ಕರೆದುಕೊಂಡು ಹೋದವರು ಪಕ್ಕದ ಮನೆಯ ಹಿರಿಯರು. ಮರಗೆಲಸದಿಂದ ನಿವೃತ್ತರಾದವರು, ಈಗ ಎಪ್ಪತ್ತರ ಹತ್ತಿರ. ಬಂದೂಕಿನ ಬಗ್ಗೆ ಅವರು ಅರ್ಧ ಗಂಟೆ ಹೇಳಿಕೊಟ್ಟಿದ್ದರೆ ಚೀಲದ ಬಗ್ಗೆ ಒಂದಿಡೀ ಭಾನುವಾರ ಹೇಳಿಕೊಟ್ಟರು. ಹಗಲಿಡೀ ಹೊತ್ತು ತಿರುಗುವ ಚೀಲದಲ್ಲಿ ಎರಡು ಜಾತಿ. ಒಂದು, ಮೂವತ್ತು ಲೀಟರಿನ ಮೃದು ಚೀಲ. ಮೈಗೆ ಅಂಟಿಕೊಂಡಿರುತ್ತದೆ, ಪೊದೆಯಲ್ಲಿ ನುಸುಳಿದರೆ ಸದ್ದಾಗುವುದಿಲ್ಲ. ಬೇಟೆ ಸಿಕ್ಕಿದರೆ ಮಾತ್ರ ಕಾರಿನವರೆಗೆ ಬರಿಗೈಯಲ್ಲಿ ನಡೆದು, ಹೊರುವ ಚೌಕಟ್ಟು ತಂದು, ಮತ್ತೆ ಹತ್ತಬೇಕು. ಇನ್ನೊಂದು, ಚೌಕಟ್ಟಿರುವ ಚೀಲ. ಖಾಲಿ ಇದ್ದಾಗಲೇ ಎರಡೂವರೆ ಮೂರು ಕಿಲೋ ಭಾರ. ಅದರ ಚೀಲವನ್ನು ಚೌಕಟ್ಟಿನಿಂದ ಸಡಿಲಿಸಿ, ನಡುವೆ ಒಂದು ತೊಡೆಯನ್ನಿಟ್ಟು ಪಟ್ಟಿ ಎಳೆದು ಬಿಗಿದರೆ ಮೊದಲ ಹೊರೆ ಆಗಲೇ ಹೊರಟಂತೆ.

ಎರಡನ್ನೂ ಮೇಜಿನ ಮೇಲಿಟ್ಟು ಅವರು ಹೇಳಿದ್ದು ಒಂದೇ ಮಾತು: ಹಗುರವಾದದ್ದನ್ನು ಕೊಂಡರೆ ಒಂದು ಸಲ ಜಾಸ್ತಿ ನಡೆಯುತ್ತೀಯ. ಗುಡ್ಡ ಹತ್ತಿಳಿದವರಿಗೆ ಒಂದು ಸಲ ಎಂದರೇನೆಂದು ಗೊತ್ತಿರುತ್ತದೆ.

ನಾನು ಚೌಕಟ್ಟಿನ ಚೀಲವನ್ನೇ ಆರಿಸಿಕೊಂಡೆ. ಆರಿಸುವ ಮೊದಲು ಮೂರು ಅಂಗಡಿಗಳ ಚೀಲಗಳನ್ನು ಮನೆಗೆ ತಂದು ಪರೀಕ್ಷಿಸಿದೆ. ನಮ್ಮ ಇಂಡಿಯನ್ ಸ್ಟೋರಿನಲ್ಲಿ ಸೋನಾ ಮಸೂರಿ ಇಪ್ಪತ್ತು ಪೌಂಡಿನ ಮೂಟೆಯಲ್ಲಿ ಬರುತ್ತದೆ. ಎರಡು ಮೂಟೆ ಕಟ್ಟಿದರೆ 18 ಕಿಲೋ, ಮೂರು ಕಟ್ಟಿದರೆ 27. ಮೂರನ್ನು ಕಟ್ಟಿಕೊಂಡು ಮನೆಯ ಮೆಟ್ಟಿಲನ್ನು ನಲವತ್ತು ಸಲ ಹತ್ತಿಳಿದಾಗ ಬೆನ್ನು ಎಲ್ಲವನ್ನೂ ಹೇಳಿತು. ಒಂದು ಚೀಲದ ಸೊಂಟಪಟ್ಟಿ ಹತ್ತು ಸಲ ಹತ್ತುವಷ್ಟರಲ್ಲಿ ಕೆಳಗೆ ಜಾರಿ, ಭಾರವೆಲ್ಲ ಹೆಗಲಿಗೆ ಬಂದು ಕೂತಿತು. ಇನ್ನೊಂದರ ಚೌಕಟ್ಟು ನನ್ನ ಬೆನ್ನಿಗಿಂತ ಉದ್ದ. ಆರಡಿಯವರ ಅಳತೆಯಲ್ಲಿ ಹೊಲಿದದ್ದು, ತಲೆ ಎತ್ತಿದರೆ ಹಿಂದಲೆಗೆ ಕುಟ್ಟುತ್ತಿತ್ತು. ಮೂರನೆಯದು ಕೂತಿತು. ಬೇರೆಯವರಿಗೆ ಅದೇ ಕೂರುತ್ತದೆಂದು ಹೇಳಲಾರೆ, ಅದಕ್ಕೇ ಹೆಸರು ಬರೆಯುತ್ತಿಲ್ಲ. ಬೆನ್ನಿನ ಉದ್ದ ಅಳೆಯಬೇಕು: ಕತ್ತು ಬಗ್ಗಿಸಿದಾಗ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ. ಆಳಿನ ಎತ್ತರಕ್ಕೂ ಇದಕ್ಕೂ ಸಂಬಂಧ ಇದ್ದೇ ಇರುತ್ತದೆ ಎಂದೇನಿಲ್ಲ.

ಸೊಂಟದ ಮೇಲೆ ಭಾರ ಕೂರಿಸುವ ಈ ಬುದ್ಧಿ ಅಂಗಡಿಗೆ ಬಂದದ್ದು ತೀರ ಹಿಂದೆಯೇನಲ್ಲ. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ 1952ರಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಚೀಲ ಮಾಡಿ ಮಾರಲು ಶುರುಮಾಡಿದ. ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂಜೇಬಿಗೆ ಸಿಕ್ಕಿಸಿ ನಡೆದಾಗ ಹೆಗಲು ಹಗುರಾಯಿತು, ಸೊಂಟಪಟ್ಟಿಯ ಯೋಚನೆ ಅಲ್ಲಿಂದ ಹುಟ್ಟಿತು ಎಂದು ಕತೆ. ಇದನ್ನು ಓದಿದಾಗ ನಮ್ಮೂರಿನ ಹೆಂಗಸರು ತಲೆಗೆ ಸಿಂಬೆಯಿಟ್ಟು ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುತ್ತಿದ್ದುದು ನೆನಪಾಯಿತು. ಅವರಿಗಾಗಿ ಯಾರೂ ಏನನ್ನೂ ಕಂಡುಹಿಡಿಯಲಿಲ್ಲ.

ಚೀಲದೊಳಗೆ ಹೋಗುವುದು ಹೆಚ್ಚೇನಿಲ್ಲ. ಮೂರು ಲೀಟರ್ ನೀರು, ತಲೆದೀಪ ಎರಡು, ಚಾಕು, ಮಾಂಸ ತುಂಬುವ ತೆಳು ಬಟ್ಟೆಯ ಚೀಲ ಐದು, ಹಗ್ಗ, ಬೆಂಕಿಪೊಟ್ಟಣ, ರಕ್ತ ಕಟ್ಟುವ ಪಟ್ಟಿ, ನಕ್ಷೆ, ಒಂದು ದಪ್ಪ ಅಂಗಿ. ಲೈಸೆನ್ಸು ಮರೆಯಬಾರದು. ಕೇಸರಿ ಅಂಗಿಯ ಮೇಲೆ ಚೀಲ ಹೊತ್ತರೆ ಹಿಂದಿನಿಂದ ಬಣ್ಣ ಮರೆಯಾಗುತ್ತದೆ. ಬಂದೂಕಿನ ಬೇಟೆಯಲ್ಲಿ ಸೊಂಟದ ಮೇಲೆ 500 ಚದರ ಇಂಚಿನಷ್ಟು ಹೊಳೆಯುವ ಕೇಸರಿಯೋ ಗುಲಾಬಿಯೋ ಕಾಣಬೇಕೆಂಬ ನಿಯಮವಿದೆ. ಹಾಗಾಗಿ ಚೀಲದ ಮೇಲೂ ಒಂದು ಕೇಸರಿ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಬೆನ್ನ ಮೇಲೆ ಎಲ್ಕ್ ತೊಡೆ ಹೊತ್ತು ಮಬ್ಬಿನಲ್ಲಿ ನಡೆಯುವವನು ದೂರದಿಂದ ಏನಾಗಿ ಕಾಣುತ್ತಾನೆಂದು ಯೋಚಿಸಿದರೆ ಈ ನಿಯಮ ಯಾಕೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚೀಲ ಬಂದ ವಾರವೇ ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಅಮ್ಮ ತೀರ್ಥಹಳ್ಳಿಯ ಕಡೆಯವಳು. ಅವಳ ಅಪ್ಪ, ನನ್ನ ಅಜ್ಜಯ್ಯ, ಆ ಸೀಮೆಯಲ್ಲಿ ಹೆಸರಾದ ಈಡುಗಾರ. 1972ರಲ್ಲಿ ಕಾನೂನು ಬರುವುದಕ್ಕೆ ಮುಂಚಿನ ಕಾಲ. ಅಮ್ಮ ಪಟ್ಟಿಗಳನ್ನೂ ಬಕಲುಗಳನ್ನೂ ನೋಡಿದಳು.

“ಅಲ್ಲ ಕಣೋ, ಇದೆಲ್ಲ ಯಾಕೆ? ಹೊರೋರು ಯಾರೂ ಸಿಗಲ್ವಾ ಅಲ್ಲಿ?”

“ನಾವೇ ಹೊರಬೇಕಮ್ಮ.”

“ಅಯ್ಯೋ, ನಿನ್ ಅಜ್ಜಯ್ಯ ಕೋವಿ ಬಿಟ್ಟು ಒಂದು ಕಡ್ಡಿ ಹೊತ್ತಿದ್ದು ನಾ ಕಂಡಿಲ್ಲಪ್ಪ.”

ಅವಳು ಹೆಮ್ಮೆಯಿಂದಲೇ ಹೇಳಿದ್ದು. ಅಜ್ಜಯ್ಯನ ಶಿಕಾರಿ ಕತೆಗಳನ್ನು ನಾನು ನೂರು ಸಲ ಕೇಳಿದ್ದೇನೆ. ಯಾವ ಬಿಲ್ಲಿಗೆ ಯಾರು ಕೂತರು, ಹಂದಿ ಯಾವ ಕಂಡಿಯಲ್ಲಿ ನುಗ್ಗಿತು, ಕೇಪಿನ ಕೋವಿ ಹೇಗೆ ಕೈಕೊಟ್ಟಿತು, ಎರಡನೆಯ ಈಡು ಎಲ್ಲಿ ತಾಗಿತು. ಅಜ್ಜಯ್ಯನ ಬಗಲಚೀಲದಲ್ಲಿ ಮಸಿ, ಚರೆ, ಕೇಪು, ಎಲೆಯಡಿಕೆ ಇರುತ್ತಿತ್ತು ಎಂಬುದೂ ಗೊತ್ತು. ಕತೆ ಈಡಿನಲ್ಲಿ ಮುಗಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಹಂದಿ ಅಂಗಳದಲ್ಲಿ ಬಿದ್ದಿರುತ್ತಿತ್ತು. ನಡುವಿನ ಗುಡ್ಡ, ಹಳ್ಳ, ಜಿಗಣೆ, ಕತ್ತಲೆ ಯಾವುದೂ ಕತೆಯೊಳಗೆ ಇರಲಿಲ್ಲ.

“ಹೊತ್ತು ತರ್ತಿದ್ದೋರು ಯಾರಮ್ಮ?” ಎಂದು ಆ ದಿನ ಮೊದಲ ಸಲ ಕೇಳಿದೆ.

“ಯಾರು ಅಂದ್ರೆ? ಹಳು ಸೋವಕ್ಕೆ ಬರ್ತಿದ್ರಲ್ಲ, ಆಳುಗಳು, ಅವರೇ. ಬಿದಿರಿನ ಗಳಕ್ಕೆ ಕಾಲು ಕಟ್ಟಿ ಇಬ್ಬಿಬ್ರು ಹೊರ್ತಿದ್ರು.”

ಪಾಲು ಎಂದರೆ ತಲೆ, ಕಾಲು, ಕರುಳು ಅವರಿಗೆ ಹೋಗುತ್ತಿತ್ತಂತೆ. ಹೆಸರು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಹೆಸರು ನೆನಪಿಲ್ಲ ಎಂದಳು. ಅಜ್ಜಯ್ಯನ ನಾಲ್ಕು ನಾಯಿಗಳ ಹೆಸರು ಅವಳಿಗೆ ಈಗಲೂ ಬಾಯಿಪಾಠ.

ಅಮೆರಿಕ ಇದರಲ್ಲಿ ಮೇಲು ಎಂದು ನಾನು ಹೇಳಹೊರಟಿಲ್ಲ. ದುಡ್ಡಿದ್ದವರಿಗೆ ಇಲ್ಲಿಯೂ ಕುದುರೆಯ ಸಮೇತ ಆಳು ಸಿಗುತ್ತಾನೆ, ಸ್ಯಾಟಲೈಟ್ ಸಾಧನದಿಂದ ಒಂದು ಸಂದೇಶ ಕಳಿಸಿದರೆ ಸಾಕು. ಅಂಥವರು ತೀರ ಸಣ್ಣ ಚೀಲ ಹೊತ್ತಿರುತ್ತಾರೆ. ಕಾಡಿನಲ್ಲಿ ಎದುರಾದವನ ಚೀಲ ನೋಡಿದರೆ ಅವನ ಬೇಟೆಯನ್ನು ಹೊರುವುದು ಯಾರೆಂದು ಗೊತ್ತಾಗಿಬಿಡುತ್ತದೆ.

ಎರಡನೆಯ ವರ್ಷದ ಅಕ್ಟೋಬರ್. ಬೆಳಗಿನಿಂದ ನಡೆದು ಏನೂ ಕಾಣದೆ, ಸಂಜೆ ಒಂದು ದಿಣ್ಣೆಯ ನೆತ್ತಿಯಲ್ಲಿ ಕೂತಿದ್ದೆವು. ಸೂರ್ಯ ಮುಳುಗಿದ ಅರ್ಧ ಗಂಟೆಯವರೆಗೆ ಮಾತ್ರ ಗುಂಡು ಹಾರಿಸಬಹುದು, ಇನ್ನು ಇಪ್ಪತ್ತು ನಿಮಿಷ ಉಳಿದಿತ್ತು. ಕೆಳಗಿನ ಕಮರಿಯಲ್ಲಿ ಏಳು ಹೆಣ್ಣು ಎಲ್ಕ್ ಹೊರಬಂದವು. ನನ್ನ ಲೈಸೆನ್ಸು ಹೆಣ್ಣಿಗೇ ಇತ್ತು. ಗಾಳಿ ನಮ್ಮ ಕಡೆ ಬೀಸುತ್ತಿತ್ತು, ಬಂದೂಕನ್ನು ಚೀಲದ ಮೇಲೆಯೇ ಊರಿದ್ದೆ. ಕೈ ನಡುಗುತ್ತಿರಲಿಲ್ಲ.

ಹಿರಿಯರು ದುರ್ಬೀನು ಇಳಿಸಿ ನಕ್ಷೆ ತೆಗೆದರು. ಕಮರಿಯ ತಳದಿಂದ ನಾವಿರುವ ದಿಣ್ಣೆಗೆ ಮುನ್ನೂರು ಮೀಟರ್ ಏರು, ಪೂರ್ತಿ ಬಿದ್ದ ಮರಗಳು. ದಿಣ್ಣೆಯಿಂದ ಕಾರಿಗೆ ಮೂರು ಕಿಲೋಮೀಟರ್. ಇಬ್ಬರು ಸೇರಿ ತಲಾ ಎರಡು ಸಲ. ಹಗಲು ಬಿಸಿಲಿತ್ತು, ಮರುದಿನವೂ ಬಿಸಿಲೇ. ಎಲ್ಕಿನ ದಪ್ಪ ಚರ್ಮದೊಳಗೆ ಶಾಖ ಉಳಿದರೆ ತೊಡೆಯ ಮೂಳೆಯ ಸುತ್ತಲಿಂದ ಮಾಂಸ ಹುಳಿಯಾಗುತ್ತದೆ. ಅವರ ಎಡ ಮೊಣಕಾಲು ಆಗಲೇ ನೋಯುತ್ತಿತ್ತು, ಹೇಳಿಕೊಂಡಿರಲಿಲ್ಲ, ಇಳಿಯುವಾಗ ನಾನು ಕಂಡಿದ್ದೆ.

“ಗುಂಡು ಮುಟ್ಟುತ್ತದೆ,” ಎಂದರು ಮೆಲ್ಲಗೆ. “ಬೆನ್ನು ಮುಟ್ಟುವುದಿಲ್ಲ.”

ನಾನು ಬಂದೂಕನ್ನು ಚೀಲದ ಮೇಲಿಂದ ತೆಗೆದೆ. ಏಳೂ ಎಲ್ಕ್ ಕತ್ತಲಾಗುವವರೆಗೆ ನಿಧಾನವಾಗಿ ಮೇಯುತ್ತಲೇ ಇದ್ದವು. ಆ ವರ್ಷ ಮತ್ತೆ ಸಿಗಲಿಲ್ಲ.

ಸಿಕ್ಕಿದ್ದು ಮುಂದಿನ ವರ್ಷ, ಕಾರಿನಿಂದ ಎರಡು ಕಿಲೋಮೀಟರಿನಲ್ಲಿ, ಬೆಳಗ್ಗೆ ಎಂಟು ಗಂಟೆಗೆ. ಇಬ್ಬರೂ ಸೇರಿ ಚರ್ಮ ಸುಲಿದು, ತೊಡೆಗಳನ್ನು ಬಟ್ಟೆಚೀಲದಲ್ಲಿ ಕಟ್ಟಿ ನೆರಳಿನ ಕೊಂಬೆಗೆ ತೂಗುಬಿಟ್ಟೆವು. ಬೆನ್ನುಹುರಿಯನ್ನು ಕಡಿಯಲಿಲ್ಲ, ತಲೆಯನ್ನು ಪರೀಕ್ಷೆಗೆಂದು ಬೇರೆ ಇಟ್ಟೆವು. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ರೋಗವೊಂದು 1967ರಲ್ಲಿ ಮೊದಲು ಗೊತ್ತಾದದ್ದೇ ಈ ರಾಜ್ಯದಲ್ಲಿ. ಮೊದಲ ಹೊರೆಯನ್ನು ಚೌಕಟ್ಟಿಗೆ ಕಟ್ಟುವಾಗ ಹಿರಿಯರು ಎರಡು ಸಲ ಬಿಚ್ಚಿಸಿ ಕಟ್ಟಿಸಿದರು. ಭಾರ ಹೆಗಲ ಮೂಳೆಗಳ ನಡುವೆ, ಬೆನ್ನಿಗೆ ಒತ್ತಿಕೊಂಡು ಕೂರಬೇಕು. ಕೆಳಗಾದರೆ ಹಿಂದಕ್ಕೆ ಜಗ್ಗುತ್ತದೆ, ಹೊರಗಾದರೆ ಪ್ರತಿ ಹೆಜ್ಜೆಗೂ ತೂಗಾಡುತ್ತದೆ. ಕೂತು ಪಟ್ಟಿ ಹಾಕಿಕೊಂಡು, ಮಂಡಿಯೂರಿ, ಮರ ಹಿಡಿದು ಎದ್ದೆ.

ಮೊದಲ ಸಲ ಹೋಗುವಾಗ ಏನೇನೋ ಯೋಚನೆ ಬರುತ್ತದೆ, ಹಕ್ಕಿಯೂ ಕಾಣುತ್ತದೆ. ಎರಡನೆಯ ಸಲ ಹೆಜ್ಜೆ ಎಣಿಸುತ್ತೇವೆ. ಮೂರನೆಯದನ್ನು ನಾನೊಬ್ಬನೇ ತಂದೆ, ಅವರನ್ನು ಕಾರಿನ ಹತ್ತಿರ ಕೂರಿಸಿ. ಮಾಂಸದ ತಣ್ಣನೆಯ ಒದ್ದೆ ಅಂಗಿಯ ಮೂಲಕ ಬೆನ್ನಿಗೆ ಇಳಿಯುತ್ತಿತ್ತು. ಇಪ್ಪತ್ತೈದು ಕಿಲೋಗೆ ನನಗೆ ಸೊಂಟಪಟ್ಟಿ, ಎದೆಪಟ್ಟಿ, ಅಳೆದು ಆರಿಸಿದ ಚೌಕಟ್ಟು, ಒಳ್ಳೆಯ ಬೂಟು ಇತ್ತು. ಗಳದ ಒಂದು ತುದಿ ಹೊತ್ತವರ ಪಾಲಿಗೆ ನಲವತ್ತು ಕಿಲೋ ಬರುತ್ತಿತ್ತೋ ಏನೋ, ಹೆಗಲಿನ ಮೇಲೆ ಮಡಚಿದ ಕಂಬಳಿ ತುಂಡು, ಬರಿಗಾಲು.

ಆ ಚಳಿಗಾಲ ಊರಿಗೆ ಹೋದಾಗ ಅಮ್ಮನ ತವರಿನಲ್ಲಿ ವಿಚಾರಿಸಿದೆ. ಸೋದರಮಾವ ಒಂದು ಹೆಸರು ಹೇಳಿದರು, ಆಮೇಲೆ ಅದು ಬೇರೆ ಯಾರದೋ ಇರಬೇಕು ಎಂದರು. ಕೇರಿಯಲ್ಲಿ ಆಗಿನವರು ಯಾರೂ ಉಳಿದಿಲ್ಲ, ಮಕ್ಕಳೆಲ್ಲ ಶಿವಮೊಗ್ಗ, ಬೆಂಗಳೂರು ಸೇರಿದ್ದಾರೆ. “ಅದೆಲ್ಲ ಈಗ್ಯಾಕೆ ಮಾರಾಯ,” ಎಂದು ಮಾವ ಕಾಫಿ ಮುಂದಿಟ್ಟರು.

ಕಳೆದ ವಸಂತದಲ್ಲಿ ಹಿರಿಯರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಬರುತ್ತೇನೆ, ಆದರೆ ಹೊರಲಾರೆ ಎಂದಿದ್ದಾರೆ. ಹಾಗಾಗಿ ನಕ್ಷೆಯ ಮೇಲೆ ಈ ಸಲ ಕಾರಿನ ಸುತ್ತ ಒಂದೂವರೆ ಕಿಲೋಮೀಟರಿನ ಗೆರೆ ಎಳೆದಿದ್ದೇವೆ. ಅದರಾಚೆ ಎಂಥ ಎಲ್ಕ್ ನಿಂತಿದ್ದರೂ ನೋಡಿ ಬರುವುದು. ಮೂರು ಹೊರೆಯೂ ನನ್ನದೇ ಆದ್ದರಿಂದ ಆಗಸ್ಟಿನಲ್ಲಿಯೇ ಮೆಟ್ಟಿಲು ಹತ್ತುವುದು ಶುರುವಾಗಿದೆ. ನಿನ್ನೆ ಮೂವತ್ತನೆಯ ಸಲ ಹತ್ತುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಕೂಗಿದಳು:

“ರೀ, ಒಂದು ಮೂಟೆ ಬಿಚ್ಚಿ ಕೊಡಿ. ಡಬ್ಬದಲ್ಲಿ ಅಕ್ಕಿ ಮುಗಿದಿದೆ.”