ಕೃಷ್ಣೆಯ ದಂಡೆಯಲ್ಲಿ ಒಂದು ದಿನ

ಪ್ರವಾಸವೆಂದೊಡನೆ ನಮ್ಮ ಗೃಹಸ್ಥರ ಮನಸ್ಸು ಕಾಶಿ, ರಾಮೇಶ್ವರ, ಪಂಢರಪುರಗಳ ಕಡೆಗೆ ಓಡುತ್ತದೆ. ಮನೆಗೆ ಕೆಲವೇ ಹರದಾರಿ ದೂರದಲ್ಲಿರುವುದನ್ನು ನಾಳೆ ನೋಡಿದರಾಯಿತೆಂದು ಬಿಟ್ಟು, ಆ ನಾಳೆ ಬಾರದೆಯೇ ಮುದುಕರಾಗುತ್ತೇವೆ. ಈ ಸಲದ ಸಂಕ್ರಾಂತಿಗೆ ನಾವು ದೂರದ ಆಶೆಯನ್ನು ಬಿಟ್ಟು, ಜಮಖಂಡಿಯಿಂದ ವಿಜಾಪುರಕ್ಕೆ ಹೋಗುವ ದಾರಿಯಲ್ಲಿ ಕೃಷ್ಣಾತೀರದ ಚಿಕ್ಕಪಡಸಲಗಿಗೆ ಹೋಗಿಬಂದೆವು. ಸಂಗಡ ಮಕ್ಕಳಿದ್ದರು; ಎಂಬತ್ತು ದಾಟಿದ ದೊಡ್ಡವ್ವನೂ ಇದ್ದಳು. ಅವಳ ತವರು ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿ. ಅದು ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ.

ಬೆಳಗ್ಗೆ ಮೊದಲು ಜಮಖಂಡಿಯ ರಾಮತೀರ್ಥವನ್ನು ನೋಡಿದೆವು. 1811ರಿಂದ 1948ರ ವರೆಗೆ ಇಲ್ಲಿ ಆಳಿದ ಪಟವರ್ಧನ ಸಂಸ್ಥಾನಿಕರ ಅರಮನೆಯನ್ನು ಕಂಡು ಮಕ್ಕಳು ಹಿಗ್ಗಿದರು. ದೊಡ್ಡವ್ವನ ಲಕ್ಷ್ಯವೆಲ್ಲ ಹೊಳೆಯ ಕಡೆಗಿದ್ದಿತು, ಬೇಗ ಹೊರಟೆವು.

ಹೊಳೆಯ ದಂಡೆಗೆ ಕಟ್ಟಿಸಿದ ಹಾದಿಯೇನೂ ಇಲ್ಲ. ಒಂದು ಮಗ್ಗುಲಿಗೆ ಕಬ್ಬು, ಇನ್ನೊಂದು ಮಗ್ಗುಲಿಗೆ ನೀರು. ನಡುವೆ ದನಗಳೂ ಒಕ್ಕಲಿಗರೂ ತುಳಿದು ಮಾಡಿದ ಕಾಲುದಾರಿ. ಅಂದು ಅದರ ತುಂಬ ಜನ. ಮೈಗೆ ಎಳ್ಳು ಹಚ್ಚಿಕೊಂಡು ಮೀಯುವವರು, ದಡದಲ್ಲಿ ಬುತ್ತಿ ಬಿಚ್ಚುವವರು, ಬನಹಟ್ಟಿಯ ಸೀರೆಗಳನ್ನು ಹಿಂಡಿ ಹರವುವ ಹೆಂಗಸರು. ನಾವೂ ಮಿಂದು ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಊಟವನ್ನು ಮುಗಿಸಿ, ದಂಡೆಯಗುಂಟ ನಡೆದು ಒಡ್ಡಿನ ಬಳಿಗೆ ಬಂದೆವು.

ಈ ಒಡ್ಡಿನ ಹೆಸರು ಶ್ರಮಬಿಂದು ಸಾಗರ. ಹೆಸರು ಬರಿಯ ಅಲಂಕಾರವಲ್ಲ. ಮಹಾಬಳೇಶ್ವರದಲ್ಲಿ ಹುಟ್ಟಿ ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಗೆಗೆ ಇಲ್ಲಿ ಬತ್ತುತ್ತಿದ್ದಳು. ದಡದಲ್ಲಿ ಕುಳಿತಿದ್ದ ಮುದುಕ ಒಕ್ಕಲಿಗರೊಬ್ಬರು, “ಬ್ಯಾಸಗಿ ಬಂತಂದ್ರ ಹೊಳ್ಯಾಗ ವರ್ತಿ ತಗದು ಕೊಡ ತುಂಬತಿದ್ವಿ ರೀ” ಎಂದು ಮಕ್ಕಳಿಗೆ ಹೇಳಿದರು. ಸರಕಾರದ ದಾರಿ ಕಾಯ್ದು ಬೇಸತ್ತ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೂಡಿ, ತಾವೇ ಹಣ ಹಾಕಿ, ತಾವೇ ಮೈಮುರಿದು ದುಡಿದು, 1989ರಲ್ಲಿ ಇದನ್ನು ಕಟ್ಟಿ ಮುಗಿಸಿದರು. ಮಳೆಗಾಲದ ನೆರೆಯನ್ನು ಬಿಟ್ಟುಕೊಟ್ಟು, ಕೊನೆಗೆ ಬರುವ ನೀರನ್ನು ತಡೆದು ನಿಲ್ಲಿಸುವುದು ಇದರ ಕೆಲಸ. ನ್ಯಾಮಗೌಡರನ್ನು ಜನರು 1991ರಲ್ಲಿ ಲೋಕಸಭೆಗೆ ಆರಿಸಿದರು. ಅವರು 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ದಂಡೆಯ ಕಬ್ಬು, ಮಹಾಲಿಂಗಪುರದ ಪೇಟೆಗೆ ಹೋಗುವ ಬೆಲ್ಲ, ಇವೆಲ್ಲ ನೀರಿನ ಮಾತನ್ನೇ ಹೇಳುತ್ತವೆ.

ಆದರೆ ಒಡ್ಡಿನ ಮೂಡಲಿಗೆ ನಿಂತ ನೀರಿನ ಕಥೆ ಬೇರೆ. ಅದು ಆಲಮಟ್ಟಿಯ ಹಿನ್ನೀರು. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆ ಅಣೆಕಟ್ಟೆಯಲ್ಲಿ ಈಗ 519.60 ಮೀಟರಿನ ಮಟ್ಟದ ವರೆಗೆ ನೀರು ನಿಲ್ಲುತ್ತದೆ. ಎಷ್ಟೋ ದೂರದ ಒಣ ಹೊಲಗಳಿಗೆ ಅದು ಹಸಿರು ತಂದಿದೆ. ಬೀಳಗಿಯ ಹಳ್ಳಿಗಳನ್ನೂ ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳನ್ನೂ ನುಂಗಿದೆ. ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಲಿಯು ಒಪ್ಪಿತು. ಹಾಗೆ ಏರಿಸಿದರೆ ಇನ್ನೂ ಹಲವು ಊರುಗಳು ಹೊಸ್ತಿಲು ದಾಟಬೇಕು. 2019ರ ಆಗಸ್ಟಿನ ಮಹಾಪೂರದಲ್ಲಿ ಮನೆ ಬಿಟ್ಟು ಓಡಿದವರಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

“ನಿನ್ನ ಊರು ಎಲ್ಲಿದೆ?” ಎಂದು ಚಿಕ್ಕವನು ಕೇಳಿದನು. ದೊಡ್ಡವ್ವ ಮೂಡಲಿಗೆ ಕೈ ತೋರಿಸಿದಳು. “ಅಲ್ಲೈತಿ. ಹನುಮಪ್ಪನ ಗುಡಿ, ಮುಂದ ಒಂದು ಬೇವಿನ ಗಿಡ, ಅದರಾಚೆ ನಮ್ಮ ಮನಿ.” ಇದೆ ಎಂದಳು, ಇತ್ತು ಎನ್ನಲಿಲ್ಲ. ಪರಿಹಾರದ ಹಣ ಬಂದಿತ್ತು. ಅಣ್ಣತಮ್ಮಂದಿರು ಪುನರ್ವಸತಿಯ ಊರಿನಲ್ಲಿ ಮನೆ ಕಟ್ಟಿಕೊಂಡರು. ಆದರೆ ಹಬ್ಬಕ್ಕೆ ಅಲ್ಲಿಗೆ ಹೋದಾಗಲೆಲ್ಲ ತನಗೆ ನೆಂಟರ ಮನೆಗೆ ಬಂದಂತಾಗುತ್ತದೆಂದು ಹೇಳಿದಳು. ಬಳಿಕ ಸೆರಗಿನ ಗಂಟು ಬಿಚ್ಚಿ, ನಾಲ್ಕು ಕುಸುರೆಳ್ಳಿನ ಕಾಳನ್ನು ಮಕ್ಕಳ ಕೈಗೆ ಕೊಟ್ಟು, ನಾಲ್ಕನ್ನು ನೀರಿಗೆ ಬಿಟ್ಟಳು.

ಒಡ್ಡಿನ ಒಂದು ಕಡೆ ತಾವಾಗಿ ಬೆವರು ಸುರಿಸಿದವರ ನೀರು. ಇನ್ನೊಂದು ಕಡೆ ಪರರಿಗಾಗಿ ಮನೆ ಬಿಟ್ಟವರ ನೀರು. ಬಣ್ಣದಲ್ಲಿ ಭೇದವಿಲ್ಲ. ನಲ್ಲಿ ತಿರುಗಿಸಿದರೆ ಬರುವ ನೀರಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಎರಡನ್ನೂ ಒಂದೇ ದಿನ ತೋರಿಸುವುದು ಹಿರಿಯರ ಕರ್ತವ್ಯವೆಂದು ನಮಗೆ ತೋರಿತು. ಹೋಗುವ ಓದುಗರು ಬುತ್ತಿ ಕಟ್ಟಿಕೊಂಡು ಹೋಗಲಿ. ಆಳವಾದ ನೀರಿಗೆ ಮಕ್ಕಳನ್ನು ಬಿಡದಿರಲಿ. ಸಾಧ್ಯವಿದ್ದರೆ ಮನೆಯ ಹಿರಿಯರೊಬ್ಬರನ್ನು ಕರೆದೊಯ್ಯಲಿ. ದಂಡೆಯಲ್ಲಿ ಬರೆಯಿಸಿಡದ ಹೆಸರುಗಳು ಅವರ ನೆನಪಿನಲ್ಲಿರುತ್ತವೆ.