ಹಿನ್ನೀರಿನ ಮೂವತ್ತು ಮೀಟರ್

ಅಳವಂಡಿ ಅಂದ್ರೆ ಎರೆ ಹೊಲ. ಜೋಳ, ಕಡಲೆ, ಕಣ್ಣು ಹಾಯಿಸಿದಷ್ಟೂ ಕಪ್ಪು ಮಣ್ಣು. ಅಲ್ಲಿಂದ ದೋಣಿ ಹೊತ್ತುಕೊಂಡು ಬೈಕ್ ಹತ್ತಿದ್ರೆ ಜನ ನಗ್ತಾರೆ, ನಕ್ಕರು ಕೂಡ. ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ ಕಾಕಾನ ಮಗ ಆನ್‌ಲೈನ್‌ನಲ್ಲಿ ಗಾಳಿ ತುಂಬುವ ದೋಣಿ ತರಿಸಿಟ್ಟಿದ್ದ. ಕೊಪ್ಪಳ ದಾಟಿದರೆ ತುಂಗಭದ್ರೆಯ ಹಿನ್ನೀರು. ತುಂಬಿದಾಗ 378 ಚದರ ಕಿಲೋಮೀಟರ್ ಹರಡುವ ನೀರದು.

ಅವನಿಗೆ ಪರಿಚಯದ ಮೀನುಗಾರರೊಬ್ಬರ ದೋಣಿ ದಂಡೆಯಿಂದ ಸುಮಾರು ಮೂವತ್ತು ಮೀಟರ್ ಒಳಗೆ, ಲಂಗರು ಹಾಕಿಕೊಂಡು ನಿಂತಿತ್ತು. ಯಾಕೆ ಅಷ್ಟು ದೂರ ಅಂದ್ರೆ, "ದಂಡಿಗೆ ಕಟ್ಟಿದ್ರ ನೀರು ಇಳಿದ ಮ್ಯಾಲ ಕೆಸರಾಗ ಕುಂತ ಬಿಡ್ತೈತಿ ತಮ್ಮಾ" ಅಂದ್ರು. ಜಲಾಶಯದ ಪೂರ್ಣ ಮಟ್ಟ 1633 ಅಡಿ; ಕಾಲುವೆಗೆ ನೀರು ಬಿಟ್ಟಂತೆಲ್ಲ ದಂಡೆ ಹಿಂದಕ್ಕೆ ಸರಿಯುತ್ತಲೇ ಇರುತ್ತೆ.

ದಿನಾ ಅವರು ಆ ದೋಣಿ ತಲುಪೋದು ಹರಿಗೋಲಿನಲ್ಲಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿ ಹತ್ತಿರ ಕಂಡಿದ್ದೂ ಇದನ್ನೇ: ಬುಟ್ಟಿಯಂತೆ ದುಂಡಗೆ, ಹೊರಗೆ ತೊಗಲು, ನೇರ ಹೋಗದೆ ತಿರುಗುತ್ತಲೇ ಇರುವ ದೋಣಿ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್, ಡಾಂಬರು ಬಂದಿವೆ. ಅವತ್ತು ಹರಿಗೋಲಿಗೆ ಡಾಂಬರು ಹಚ್ಚಿ ಒಣಗಲು ಬಿಟ್ಟಿದ್ದರಿಂದ ನಮ್ಮ ಗಾಳಿ ದೋಣಿಗೆ ಅದೃಷ್ಟ ಖುಲಾಯಿಸಿತು.

ಕಾಕಾನ ಮಗನಿಗೆ ಈಜು ಬರಲ್ಲ. ಹಾಗಾಗಿ ನನ್ನ ಚಿಂತೆ ಇದ್ದದ್ದು ದೊಡ್ಡ ದೋಣಿಯ ಬಗ್ಗೆ ಅಲ್ಲ, ಅದನ್ನು ತಲುಪುವ ಆ ಮೂವತ್ತು ಮೀಟರಿನ ಬಗ್ಗೆ. ಲೈಫ್ ಜಾಕೆಟ್ ದಂಡೆಯ ಮೇಲೇ ಹಾಕಿ ಬಕಲ್ ಬಿಗಿದೆವು. ನೀರು ಸರಿದ ಜಾಗದ ತುಂಬ ಬಳ್ಳಾರಿ ಜಾಲಿ ಮುಳ್ಳು. ತಾಡಪತ್ರಿ ಹಾಸಿ ಗಾಳಿ ತುಂಬಿ, ಎಳೆಯದೆ ಎತ್ತಿಕೊಂಡೇ ಹೋದೆವು. ನೀರಿಗೆ ಇಳಿಸಿದ ಐದು ನಿಮಿಷಕ್ಕೆ ದೋಣಿ ಮೆತ್ತಗಾಯ್ತು. ತೂತೇನಲ್ಲ, ತಣ್ಣೀರಿಗೆ ಒಳಗಿನ ಗಾಳಿ ಕುಗ್ಗುತ್ತೆ ಅಷ್ಟೇ. ಮತ್ತೆ ಪಂಪ್ ಹೊಡೆದೆವು.

ಹಗುರ ದೋಣಿಗೆ ನಿಜವಾದ ವೈರಿ ಗಾಳಿ. ಕಾಕಾ (ಅವರನ್ನೂ ಹಾಗೇ ಕರೆದೆವು) ಮೊದಲು ಮಣ್ಣು ತೂರಿ ನೋಡಿದ್ರು. ಗಾಳಿ ನೀರಿನಿಂದ ದಂಡೆ ಕಡೆ ಬರ್ತಿತ್ತು. "ಇಲ್ಲಿಂದ ಒಳಗ ಬೀಸಿದ್ರ ಇವತ್ತ ಬ್ಯಾಡ ಅಂತಿದ್ದೆ" ಅಂದ್ರು. ಆದರೂ ಉದ್ದ ಹಗ್ಗದ ಒಂದು ತುದಿ ನಮ್ಮ ದೋಣಿಗೆ ಕಟ್ಟಿ, ಇನ್ನೊಂದನ್ನು ದಂಡೆಯಲ್ಲಿದ್ದ ತಮ್ಮ ಮಗನ ಕೈಗೆ ಕೊಟ್ಟು, ನಮ್ಮ ಜೊತೆ ಹತ್ತಿದ್ರು.

ಲಂಗರಿನ ದೋಣಿ ಗಾಳಿಗೆ ಮುಖ ಮಾಡಿ ನಿಂತಿರುತ್ತೆ. ನಾವು ಹಿಂದಿನಿಂದ, ಗಾಳಿಗೆ ಎದುರಾಗಿ ಹೋದೆವು. ಹುಟ್ಟು ಹಾಕೋದು ನಿಲ್ಲಿಸಿದ ಕೂಡಲೇ ನಮ್ಮ ದೋಣಿ ತಾನೇ ನಿಧಾನವಾಯ್ತು, ಢಿಕ್ಕಿ ಇಲ್ಲ. ಕಾಕಾನ ಮಗ ಏಳೋಕೆ ಹೋದ. "ಏ, ನಿಂತಿ ಅಂದ್ರ ಹೋತು! ಕುಂಡ್ರು ಮೊದ್ಲ!" ಮೊದಲು ಹಗ್ಗ ಕಟ್ಟಿದ್ದು, ಆಮೇಲೆ ಒಬ್ಬೊಬ್ಬರಾಗಿ ಎರಡೂ ಕೈ ದೊಡ್ಡ ದೋಣಿಯ ಅಂಚಿಗೆ ಕೊಟ್ಟು, ಹೊಟ್ಟೆ ಮೇಲೆ ಜಾರಿ ಒಳಗೆ ಬಿದ್ದಿದ್ದು. ಚೆಂದ ಕಾಣಲ್ಲ, ರೀಲ್ಸ್‌ಗಂತೂ ಅಲ್ಲವೇ ಅಲ್ಲ.

ಹತ್ತರ ಹೊತ್ತಿಗೆ ಗಾಳಿ ಜೋರಾಯ್ತು. ಅರ್ಧ ಬಲೆ ಇನ್ನೂ ನೀರಲ್ಲೇ ಇತ್ತು, ಸಿಕ್ಕಿದ್ದು ಎರಡು ರೋಹು. ಕಾಕಾ ಬಲೆ ಬಿಟ್ಟು ಮೊದಲು ನಮ್ಮನ್ನು ದಂಡೆಗೆ ಹೊರಡಿಸಿದ್ರು.